ಕಳ್ಳರಿಗಾಗಿ ಕಾದದ್ದು

ಬುಧವಾರ ರಾತ್ರಿ ಏಳಕ್ಕೆ, ಸುಜುಕಾದ ಸಮುದಾಯ ಭವನದ ಮಹಡಿಯಲ್ಲಿ
ಮಿಜುತಾನಿಯವರು ಹಲಗೆಯ ಮೇಲೆ ಎರಡು ಅಕ್ಷರ ಬರೆದರು:
ಉದ್ದ ಕಾಲಿನ ಚಂದ್ರ, ಅವನ ಪಕ್ಕ
ಕಾಲು ಮೂಡಿದ ಒಂದು ಕಣ್ಣು.
ತ್ಸುಕಿ. ಮಿ.
ನೋಡಲಿಕ್ಕೂ ನಡೆದೇ ಹೋಗಬೇಕು ಅಂದುಕೊಂಡೆ,
ಬೆರಳ ಸಂದಿಯ ಗ್ರೀಸು ನೋಟುಬುಕ್ಕಿಗೆ ಮೆತ್ತಿತು.

ಸುಸುಕಿ ಎಂದಾಗ ನಾನು ಕಾರು ಎಂದೆ. ಎಲ್ಲರೂ ನಕ್ಕರು.
ಅದು ಹುಲ್ಲು, ಹೊಳೆಯಂಚಿನಲ್ಲಿ ಬೆಳ್ಳಗೆ ತೆನೆಯೊಡೆಯುವ ಹುಲ್ಲು,
ಇನ್ನೂ ಕೊಯ್ಯದ ಭತ್ತದ ಬದಲಿಗೆ ಹೂಜಿಯಲ್ಲಿ ನಿಲ್ಲುತ್ತದೆ.
ದಾಂಗೊ: ಅಕ್ಕಿಹಿಟ್ಟಿನ ಉಂಡೆ, ಹದಿನೈದು.
ಮೋಡ ಮುಚ್ಚಿದರೆ ಮುಗೆತ್ಸು.
ಕಾಣದ ಚಂದ್ರನಿಗೂ ಇವರಲ್ಲಿ ಹೆಸರುಂಟು;
ವಾರ ಬಿಟ್ಟು ವಾರ ರಾತ್ರಿಪಾಳಿಯವಳು ನಾನು,
ಆ ಪದವನ್ನು ಮಾತ್ರ ಎರಡು ಸಲ ಬರೆದುಕೊಂಡೆ.

ಆಮೇಲೆ ಅವರು ಬರೆದದ್ದು: ದೊರೊಬೊ. ಕಳ್ಳ.
ಅದನ್ನು ಕಲಿಸಬೇಕಾಗಿರಲಿಲ್ಲ.
ಬಂದ ಮೊದಲ ವರ್ಷ, ಸೇತುವೆಯಾಚೆಯ ಅಂಗಡಿಯಲ್ಲಿ
ಮೀನು, ಮೊಟ್ಟೆ, ಸಾಬೂನು, ಎಲ್ಲಕ್ಕೂ ಜಪಾನಿ ಚೀಟಿ.
ಒಂದೇ ಒಂದು ಫಲಕ ನನ್ನ ಪೋರ್ಚುಗೀಸಿನಲ್ಲಿ,
ಒಂದೂ ಅಕ್ಷರ ತಪ್ಪಿಲ್ಲದೆ: ಕದಿಯಬೇಡಿ.
ಓದಲು ಬಂದ ಖುಷಿಗೆ ಪೂರ್ತಿ ಓದಿಬಿಟ್ಟಿದ್ದೆ.

ನನ್ನ ಪೆನ್ಸಿಲು ನಿಂತದ್ದು ಮಿಜುತಾನಿಯವರಿಗೆ ಕಂಡಿತೇನೋ.
ಇವರು ಬೇರೆ ಕಳ್ಳರು, ಎಂದರು. ಒತ್ಸುಕಿಮಿ-ದೊರೊಬೊ.
ಚಂದ್ರನಿಗಿಟ್ಟದ್ದನ್ನು ಮಕ್ಕಳು ಕದ್ದರೆ ಮನೆಗೆ ಶುಭ.
ಕೋಲಿನ ತುದಿಗೆ ಮೊಳೆ ಕಟ್ಟಿ ಚುಚ್ಚುತ್ತಿದ್ದೆವು, ನಾನೂ ಚುಚ್ಚಿದ್ದೇನೆ,
ಎಂದು ನಲವತ್ತು ವರ್ಷ ತೆರಿಗೆ ಕಚೇರಿಯಲ್ಲಿ ಸವೆದ ಮನುಷ್ಯ
ಸೀಮೆಸುಣ್ಣ ಹಿಡಿದು ಗಾಳಿಯನ್ನು ತಿವಿದು ತೋರಿಸಿದರು.

ಹದಿನೈದರ ರಾತ್ರಿ ಕವಾನ್ ಚೀಲ ಹಿಡಿದು ಗೆಳೆಯರ ಜೊತೆ ಓಡಿದ.
ನಾನು ಹತ್ತು ಹೆಜ್ಜೆ ಹಿಂದೆ,
ಯಾರಾದರೂ ಕೇಳಿದರೆ ಹೇಳಬೇಕಾದ ವಾಕ್ಯವನ್ನು
ಬಾಯೊಳಗೆ ಹೊರಳಿಸುತ್ತ.
ಹೆಂಚಿನ ಮನೆಯ ಬಾಗಿಲಲ್ಲಿ ಬುಟ್ಟಿ, ಪಕ್ಕದಲ್ಲಿ ಗೇಣುದ್ದದ ಮುದುಕಿ.
ಮಕ್ಕಳು ದೋಚಿ ಹೋದ ಮೇಲೆ ಬುಟ್ಟಿಯನ್ನು ನನ್ನತ್ತ ತಳ್ಳಿ
ಏನೋ ಅಂದಳು. ಹತ್ತರಲ್ಲಿ ಮೂರು ಪದ ತಿಳಿದವು:
ಅಮ್ಮ. ಕೂಡ. ದೊರೊಬೊ.
ತೆಗೆದುಕೊಂಡೆ. ಉಂಡೆ ಅಂಗೈಗೆ ಅಂಟಿತು.

ಮೇಲೆ ಮೊಲ ಹಿಟ್ಟು ಕುಟ್ಟುತ್ತಿದೆ, ಎಂದ ಕವಾನ್.
ಲೊಂಡ್ರಿನಾದ ನನ್ನಜ್ಜಿಗೆ ಅಲ್ಲಿ ಕಾಣುತ್ತಿದ್ದದ್ದು
ಕುದುರೆಯೇರಿದ ಸಂತ, ಗೊರಸಿನಡಿ ಘಟಸರ್ಪ.
ಭೂಮಿಯ ಆ ಮಗ್ಗುಲಲ್ಲಿ ಚಂದ್ರ ತಲೆಕೆಳಗು;
ಕುದುರೆ ಹುಡುಕಲು ಕತ್ತು ತಿರುಚಿದೆ, ಉಳುಕಿತು.

ಇನ್ನೊಂದು ಪದ ಉಳಿದಿತ್ತು: ಕತಾ-ತ್ಸುಕಿಮಿ.
ಈ ಹುಣ್ಣಿಮೆ ನೋಡಿದವರು ಮುಂದಿನ ತಿಂಗಳ ಹದಿಮೂರನೆಯ ರಾತ್ರಿಯನ್ನೂ
ಅದೇ ಜಾಗದಿಂದ ನೋಡಬೇಕು. ತಪ್ಪಿದರೆ ಅರೆನೋಟ, ಅಪಶಕುನ.
ನಾನೋ ಎರಡು ಕಡೆಯಿಂದ ನೋಡಿದ್ದೆ: ಮುದುಕಿಯ ಬಾಗಿಲಿಂದ,
ಆಮೇಲೆ ನಮ್ಮ ಮೂರನೇ ಮಹಡಿಯ ಕಟಕಟೆಯಿಂದ.
ಇದಕ್ಕೆ ನಿಯಮ ಏನೆನ್ನುತ್ತದೋ.

ರಜೆ ಸಿಕ್ಕಿತು. ಮರಗೆಣಸಿನ ಹಿಟ್ಟಿಗೆ ಚೀಸು ಕಲಸಿ
ನಮ್ಮ ಕಡೆಯ ಉಂಡೆ ಸುಟ್ಟೆ, ಹದಿಮೂರು,
ಐಸ್‌ಕ್ರೀಮಿನ ಖಾಲಿ ಡಬ್ಬದಲ್ಲಿ ಬಾಗಿಲಾಚೆ ಇಟ್ಟೆ.
ಪಕ್ಕಕ್ಕೆ ನೀರಿನ ಬಾಟಲಿಯಲ್ಲಿ ಹೊಳೆದಂಡೆಯ ಹುಲ್ಲು.
ಆ ರಾತ್ರಿ ಕದಿಯಲು ಯಾರೂ ಬರುವುದಿಲ್ಲವಂತೆ;
ಅದನ್ನು ಯಾರೂ ಕಲಿಸಿರಲಿಲ್ಲ.
ಬಾಗಿಲಿಗೆ ಕಿವಿಗೊಟ್ಟು ಕೂತೆ. ಹನ್ನೊಂದಾಯಿತು.
ಅಂಚು ಸವೆದ ಬ್ರೇಕಿನ ಬಿಲ್ಲೆಯಂಥ ಚಂದ್ರ
ಎದುರು ಕಟ್ಟಡದ ನೀರಿನ ಟ್ಯಾಂಕು ದಾಟಿದ.

ಬೆಳಿಗ್ಗೆ ಎಣಿಸಿದೆ. ಹನ್ನೊಂದು.
ಮತ್ತೆ ಎಣಿಸಿದೆ.
ಕವಾನನನ್ನು ಎಬ್ಬಿಸಿ ಕೇಳಿದೆ. ಅವನಲ್ಲ, ಆಣೆ ಇಟ್ಟ.
ಕೆಲಸದ ಬಟ್ಟೆಯಲ್ಲೇ ಮಹಡಿಯ ಒಂದೊಂದು ಬಾಗಿಲೂ ತಟ್ಟಿ ಹೇಳಿದೆ,
ಕ್ರಿಯಾಪದವನ್ನು ಮರೆಯದೆ ಕೊನೆಗೇ ಇಟ್ಟು:
ರಾತ್ರಿ ನಮ್ಮನೆಗೆ ಕಳ್ಳರು ಬಂದಿದ್ದರು.